ಮಾರ್ಲೋ ಸತ್ತಿದ್ದು ನಿಜವಾಗಿಯೂ ಊಟದ ಬಿಲ್ಲಿಗಾಗಿಯಾ?

ಎರಡನೇ ಸೆಮಿಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲಿಷ್ ಎಂಎ ಓದುತ್ತಿದ್ದೇನೆ. 'ಡಾಕ್ಟರ್ ಫಾಸ್ಟಸ್' ನಾಟಕ ನಮಗೆ ಪಠ್ಯ. ಬರೆದವನು ಕ್ರಿಸ್ಟೋಫರ್ ಮಾರ್ಲೋ. ನೋಟ್ಸಿನಲ್ಲಿ ಅವನ ಬಗ್ಗೆ ಮೂರೇ ಸಾಲಿದೆ. 1564ರಲ್ಲಿ ಕ್ಯಾಂಟರ್‌ಬರಿಯಲ್ಲಿ ಹುಟ್ಟಿದ. ಅಪ್ಪ ಬೂಟು ಹೊಲಿಯುತ್ತಿದ್ದ. 29ನೇ ವಯಸ್ಸಿಗೆ ಹೆಂಡದಂಗಡಿಯಲ್ಲಿ ಬಿಲ್ಲಿನ ಜಗಳಕ್ಕೆ ಸತ್ತ. ನೆಟ್‌ನಲ್ಲಿ ಹುಡುಕಿದರೆ ಒಬ್ಬರು ಗೂಢಚಾರ ಅನ್ನುತ್ತಾರೆ, ಇನ್ನೊಬ್ಬರು ನಾಸ್ತಿಕ ಅನ್ನುತ್ತಾರೆ. ಮತ್ತೊಬ್ಬರಂತೂ ಅವನು ಸತ್ತೇ ಇಲ್ಲ, ಶೇಕ್ಸ್‌ಪಿಯರ್ ಹೆಸರಲ್ಲಿ ಬರೆಯುತ್ತಿದ್ದ ಅನ್ನುತ್ತಾರೆ. ಯಾವುದನ್ನು ನಂಬಲಿ? ತಿಳಿದವರು ಸ್ವಲ್ಪ ಹೇಳಿ. ಪರೀಕ್ಷೆಗೆ ಕೇಳುತ್ತಿಲ್ಲ, ಪರೀಕ್ಷೆಗೆ ಆ ಮೂರು ಸಾಲೇ ಸಾಕು.

ಹಳೇ ಕಡತ

ನಾನು ಇಂಗ್ಲಿಷ್ ಮೇಷ್ಟ್ರಲ್ಲ. ಮೂವತ್ತು ವರ್ಷ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದವನು. ಅದಕ್ಕೇ ಮಾರ್ಲೋ ಅಂದಕೂಡಲೇ ನನಗೆ ನೆನಪಾಗುವುದು ಅವನ ಶವದ ಪಂಚನಾಮೆ. ಆ ಕಾಗದ ಲಂಡನ್ನಿನ ಸರ್ಕಾರಿ ದಾಖಲೆಗಳ ಮಧ್ಯೆ ಮುನ್ನೂರು ಚಿಲ್ಲರೆ ವರ್ಷ ಸುಮ್ನೆ ಬಿದ್ದಿತ್ತು. ಲೆಸ್ಲಿ ಹಾಟ್ಸನ್ ಎಂಬ ವಿದ್ವಾಂಸರು ಹುಡುಕಿ ತೆಗೆದು 1925ರಲ್ಲಿ ಪ್ರಕಟಿಸಿದರು. ಇರುವುದು ಲ್ಯಾಟಿನ್ನಿನಲ್ಲಿ. ಆದರೆ ನಮ್ಮ ಠಾಣೆಯ ಮಹಜರು ಓದಿ ಅಭ್ಯಾಸವಿದ್ದವರಿಗೆ ಅದರ ಧಾಟಿ ಹೊಸದಲ್ಲ.

ಅದರ ಪ್ರಕಾರ 1593ರ ಮೇ 30ರ ಬೆಳಿಗ್ಗೆ ಹತ್ತರ ಹೊತ್ತಿಗೆ ನಾಲ್ವರು ಲಂಡನ್ ಹತ್ತಿರದ ಡೆಟ್‌ಫರ್ಡ್‌ನಲ್ಲಿ ಎಲೆನರ್ ಬುಲ್ ಎಂಬ ವಿಧವೆಯ ಮನೆಯಲ್ಲಿ ಸೇರಿದರು. ಮಾರ್ಲೋ, ಇಂಗ್ರಮ್ ಫ್ರೈಜರ್, ನಿಕೊಲಸ್ ಸ್ಕೀರ್ಸ್, ರಾಬರ್ಟ್ ಪೋಲಿ. ಊಟ ಮಾಡಿದರು. ತೋಟದಲ್ಲಿ ಅಡ್ಡಾಡಿದರು. ಸಂಜೆ ಆರಕ್ಕೆ ಒಳಗೆ ಬಂದು ರಾತ್ರಿಯೂಟ ಮಾಡಿದರು. ಆಮೇಲೆ ಮಾರ್ಲೋ ಮಂಚದ ಮೇಲೆ ಮಲಗಿಕೊಂಡ. ಉಳಿದ ಮೂವರು ಮಂಚಕ್ಕೆ ಬೆನ್ನು ಮಾಡಿ ಬೆಂಚಿನ ಮೇಲೆ ಕೂತಿದ್ದರು, ಫ್ರೈಜರ್ ನಡುವೆ. 'ಲೆಕ್ಕ'ದ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಮಾರ್ಲೋ ಎದ್ದು ಫ್ರೈಜರ್‌ನ ಸೊಂಟದ ಕಠಾರಿಯನ್ನೇ ಕಿತ್ತು ಅವನ ತಲೆಗೆ ಎರಡು ಏಟು ಹಾಕಿದ. ಕಠಾರಿಯ ಬೆಲೆ 12 ಪೆನ್ನಿ, ಅದನ್ನೂ ಬರೆದಿದ್ದಾರೆ. ಕಿತ್ತಾಟದಲ್ಲಿ ಅದೇ ಕಠಾರಿ ತಿರುಗಿ ಮಾರ್ಲೋನ ಬಲಗಣ್ಣಿನ ಮೇಲ್ಭಾಗಕ್ಕೆ ಹೊಕ್ಕಿತು. ಗಾಯ ಎರಡು ಅಂಗುಲ ಆಳ, ಒಂದು ಅಂಗುಲ ಅಗಲ. ಅಲ್ಲೇ ಪ್ರಾಣ ಹೋಯಿತು. 16 ಜನ ಪಂಚರು ಇದನ್ನು ಒಪ್ಪಿ, ಆತ್ಮರಕ್ಷಣೆ ಅಂತ ಷರಾ ಬರೆದರು. ಜೂನ್ 1ಕ್ಕೆ ಹೆಣ ಮಣ್ಣಾಯಿತು. ಜೂನ್ 28ಕ್ಕೆ ಫ್ರೈಜರ್‌ಗೆ ರಾಣಿಯ ಕ್ಷಮೆ ಸಿಕ್ಕಿತು.

ನಿಮ್ಮ ನೋಟ್ಸಿಗೆ ಒಂದು ತಿದ್ದುಪಡಿ. ದಾಖಲೆಯಲ್ಲಿ ಹೆಂಡದಂಗಡಿ ಇಲ್ಲ, 'ಮನೆ' ಅಂತಿದೆ.

ಹರಟೆಕಟ್ಟೆ

ಕಡತದವರೇ, ಮಹಜರಿನಲ್ಲಿ ಬರೆದದ್ದೆಲ್ಲ ನಿಜ ಅಂತ ಮೂವತ್ತು ವರ್ಷ ಸರ್ವಿಸ್ ಆದವರು ಹೇಳುವುದಾ? 😀 ಒಬ್ಬನೇ ಹೊಡೆದಾಡುವಾಗ ಆಚೆ ಈಚೆ ಕೂತ ಇಬ್ಬರು ಏನು ಮಾಡುತ್ತಿದ್ದರು? ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರಾ?

ಹಳೇ ಕಡತ

ಅದನ್ನೇ ಹೇಳಲು ಹೊರಟಿದ್ದೆ. ಬರೆದದ್ದೆಲ್ಲ ನಿಜ ಅಂತ ನಾನೆಲ್ಲಿ ಅಂದೆ? ಯಾರು ಬರೆಸಿದರು, ಸಾಕ್ಷಿ ಯಾರು, ಅದನ್ನು ಮೊದಲು ನೋಡಬೇಕು.

ಸಾಕ್ಷಿ ಅಂದರೆ ಇಲ್ಲಿ ಕೊಂದವನು ಮತ್ತು ಅವನ ಇಬ್ಬರು ಜೊತೆಗಾರರು, ಅಷ್ಟೇ. ಪೋಲಿ ಸರ್ಕಾರದ ಪಳಗಿದ ಗೂಢಚಾರ. (ಹೆಸರು ನೋಡಿ ನಗಬೇಡಿ.) 1586ರಲ್ಲಿ ಎಲಿಜಬೆತ್ ರಾಣಿಯನ್ನು ಕೊಲ್ಲುವ ಬ್ಯಾಬಿಂಗ್ಟನ್ ಸಂಚು ಬಯಲಾಯಿತಲ್ಲ, ಸಂಚುಕೋರರ ಗುಂಪಿನೊಳಗೇ ಇದ್ದು ಅವರನ್ನು ಹಿಡಿದುಕೊಟ್ಟವರಲ್ಲಿ ಇವನೂ ಒಬ್ಬ. ಮಾರ್ಲೋ ಸತ್ತ ದಿನವೂ ಇವನು ಹೇಗ್ ನಗರದಿಂದ ಸರ್ಕಾರಿ ಕಾಗದ ಹೊತ್ತು ಬಂದಿದ್ದ. ಸ್ಕೀರ್ಸ್ ಕೂಡ ಅದೇ ವಲಯದವನು. ಸಾಲ ಕೊಡಿಸುತ್ತೇನೆ ಅಂತ ಶ್ರೀಮಂತರ ಮನೆಯ ಹುಡುಗರನ್ನು ಬೋಳಿಸುವುದು ಅವನ ಕಸುಬು. ಫ್ರೈಜರ್ ಆ ಕಸುಬಿನಲ್ಲಿ ಪಾಲುದಾರ. ಜೊತೆಗೆ ಥಾಮಸ್ ವಾಲ್ಸಿಂಗಮ್ ಎಂಬ ಧಣಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ. ಈ ಧಣಿಯೇ ಮಾರ್ಲೋನ ಆಶ್ರಯದಾತ. ರಾಣಿಯ ಬೇಹುಗಾರಿಕೆಯ ಮುಖ್ಯಸ್ಥನಾಗಿದ್ದ ಫ್ರಾನ್ಸಿಸ್ ವಾಲ್ಸಿಂಗಮ್‌ಗೆ ಇವನು ಸಂಬಂಧಿ. ಅಂದರೆ ಆ ಕೋಣೆಯಲ್ಲಿ ಇದ್ದವರೆಲ್ಲ ಒಂದೇ ಕೊಟ್ಟಿಗೆಯ ದನಗಳು.

ಇನ್ನು ದಿನಾಂಕಗಳನ್ನು ಸಾಲಾಗಿ ಜೋಡಿಸಿ. ಮೇ 5, ಲಂಡನ್ನಿನ ಡಚ್ಚರ ಚರ್ಚಿನ ಗೋಡೆಗೆ ವಲಸಿಗರನ್ನು ಕೊಲ್ಲುತ್ತೇವೆ ಅಂತ ಬೆದರಿಸುವ ಪದ್ಯ ಅಂಟಿಸಿದ್ದರು. ಕೆಳಗೆ 'ಟ್ಯಾಂಬರ್ಲೇನ್' ಅಂತ ಸಹಿ. ಅದು ಮಾರ್ಲೋನ ನಾಟಕದ ನಾಯಕನ ಹೆಸರು! ಮೇ 12, ನಾಟಕಕಾರ ಥಾಮಸ್ ಕಿಡ್‌ನ ಕೋಣೆ ಜಾಲಾಡಿದರು. ದೈವನಿಂದೆಯ ಕಾಗದಗಳು ಸಿಕ್ಕವು. ಚಿತ್ರಹಿಂಸೆ ಕೊಟ್ಟಾಗ, ಅವು ನನ್ನವಲ್ಲ, ಒಂದೇ ಕೋಣೆಯಲ್ಲಿ ಬರೆಯುತ್ತಿದ್ದಾಗ ಮಾರ್ಲೋನ ಕಾಗದ ನನ್ನವುಗಳಲ್ಲಿ ಸೇರಿಹೋದವು ಅಂದ. ಮೇ 18, ಮಾರ್ಲೋ ಮೇಲೆ ವಾರಂಟು. ಮೇ 20, ಹಾಜರಾದ. ಜೈಲಿಗೆ ಹಾಕಲಿಲ್ಲ, ದಿನಾ ಬಂದು ಹಾಜರಿ ಹಾಕು ಅಂದರು. ಹತ್ತು ದಿನಕ್ಕೆ ಹೆಣ.

ಬಿಲ್ಲಿನ ಜಗಳ ನಡೆದೇ ಇಲ್ಲ ಅಂತ ನಾನು ಹೇಳಲಾರೆ. ನಾಲ್ಕು ಜನ ದಿನವಿಡೀ ತಿಂದು ಕುಡಿದರೆ ಲೆಕ್ಕದ ಜಗಳ ಎಲ್ಲಿಲ್ಲ? ಆದರೆ ಇಂಥ ಕಡತ ನನ್ನ ಮೇಜಿಗೆ ಬಂದಿದ್ದರೆ ಮುಕ್ತಾಯ ಅಂತ ಬರೆಯುತ್ತಿರಲಿಲ್ಲ.

ಎರಡನೇ ಸೆಮಿಸ್ಟರ್

ಅಬ್ಬಾ! ಹಾಗಾದರೆ ಮಾರ್ಲೋನೂ ಗೂಢಚಾರನಾ?

ಹಳೇ ಕಡತ

ಕೆಲವು ದಾಖಲೆ ಆ ಕಡೆ ಬೆರಳು ಮಾಡುತ್ತವೆ. ಅವನು ಕೇಂಬ್ರಿಡ್ಜ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ಪಿನ ಹುಡುಗ. ಕಾಲೇಜಿನ ಉಗ್ರಾಣದ ಲೆಕ್ಕದ ಪುಸ್ತಕ ಇನ್ನೂ ಉಳಿದಿದೆ. ಅದರಲ್ಲಿ ನೋಡಿದರೆ ಹುಡುಗ ವಾರಗಟ್ಟಲೆ ಮಾಯ. ವಾಪಸು ಬಂದಾಗ ಕೈಯಲ್ಲಿ ದುಡ್ಡು ಜಾಸ್ತಿ. 1587ರಲ್ಲಿ ಇವನಿಗೆ ಎಂಎ ಪದವಿ ಕೊಡಲು ವಿಶ್ವವಿದ್ಯಾಲಯ ಹಿಂದೆಮುಂದೆ ನೋಡಿತು. ಕ್ಯಾಥೊಲಿಕರ ಜೊತೆ ಸೇರಲು ಫ್ರಾನ್ಸಿನ ರೈಮ್ಸ್‌ಗೆ ಹೊರಟಿದ್ದಾನೆ ಅನ್ನುವ ಗಾಳಿಸುದ್ದಿ ಇತ್ತು. ಆಗ ರಾಣಿಯ ಮಂತ್ರಿಮಂಡಲಿಯೇ ಕಾಗದ ಬರೆಯಿತು. ಇವನು ರಾಣಿಯವರಿಗೆ ಒಳ್ಳೆಯ ಸೇವೆ ಮಾಡಿದ್ದಾನೆ, ದೇಶದ ಹಿತದ ಕೆಲಸದಲ್ಲಿದ್ದವನಿಗೆ ತೊಂದರೆ ಆಗಬಾರದು ಅಂತ. ಏನು ಸೇವೆ ಅಂತ ಬರೆಯಲಿಲ್ಲ. ನಿಮಗೂ ಎಂಎ ಪದವಿಗೆ ಇಂಥ ಶಿಫಾರಸು ಸಿಗಲಿ.

1592ರಲ್ಲಿ ನೆದರ್ಲೆಂಡ್ಸಿನ ಫ್ಲಷಿಂಗ್ ಊರಿನಲ್ಲಿ ಖೋಟಾ ನಾಣ್ಯ ಮಾಡಿದ ಆರೋಪದ ಮೇಲೆ ಸಿಕ್ಕಿಬಿದ್ದ. ದೂರು ಕೊಟ್ಟವನು ಅದೇ ಕೋಣೆಯಲ್ಲಿ ಇದ್ದ ರಿಚರ್ಡ್ ಬೇನ್ಸ್. ಇಬ್ಬರೂ ಒಬ್ಬರ ಮೇಲೊಬ್ಬರು ಬೆರಳು ತೋರಿಸಿದರು. ಆ ಕಾಲಕ್ಕೆ ಅದು ತಲೆ ಹೋಗುವ ಅಪರಾಧ. ಇವನು ಇಂಗ್ಲೆಂಡಿಗೆ ಬಂದು ಆರಾಮವಾಗಿ ಓಡಾಡಿಕೊಂಡಿದ್ದ. ಮರುವರ್ಷ ಅದೇ ಬೇನ್ಸ್, ಮಾರ್ಲೋ ಆಡಿದ ನಾಸ್ತಿಕ ಮಾತುಗಳು ಅಂತ ಒಂದು ಪಟ್ಟಿಯನ್ನೇ ಸರ್ಕಾರಕ್ಕೆ ಕೊಟ್ಟ. ಶತ್ರು ಬರೆದ ಪಟ್ಟಿ ಅನ್ನುವುದನ್ನು ಮರೆತು ಜನ ಅದನ್ನು ಮಾರ್ಲೋನ ಆತ್ಮಕಥೆಯ ಹಾಗೆ ಓದುತ್ತಾರೆ.

ರಂಗಪ್ರಿಯೆ

ಮೂರು ದಿನದಿಂದ ನೋಡುತ್ತಿದ್ದೇನೆ. ಹೆಣ, ಕಠಾರಿ, ಗೂಢಚಾರ. ಒಬ್ಬರಾದರೂ ಅವನ ಒಂದು ಸಾಲು ಹೇಳಿದಿರಾ? 29 ವರ್ಷಕ್ಕೆ ಸತ್ತವನ ಬಗ್ಗೆ ನಾವು ಈಗಲೂ ಮಾತಾಡುವುದು ಅವನು ಸತ್ತದ್ದಕ್ಕಲ್ಲ, ಮಾರಾಯರೇ. ಆ ವರ್ಷ ಲಂಡನ್ನಿನಲ್ಲಿ ಪ್ಲೇಗಿಗೆ ಸತ್ತವರು ಸಾವಿರಾರು.

'ಟ್ಯಾಂಬರ್ಲೇನ್' ರಂಗಕ್ಕೆ ಬಂದದ್ದು 1587ರ ಸುಮಾರಿಗೆ. ಹುಡುಗನಿಗೆ ಆಗ 23. ಟ್ಯಾಂಬರ್ಲೇನ್ ಅಂದರೆ ಬೇರೆ ಯಾರೂ ಅಲ್ಲ, 1398ರಲ್ಲಿ ದೆಹಲಿಯನ್ನು ಸೂರೆ ಮಾಡಿದ ನಮ್ಮ ಇತಿಹಾಸದ ಪುಸ್ತಕದ ತೈಮೂರ. ನಾಟಕದಲ್ಲಿ ಅವನು ಕುರಿ ಕಾಯುವವನು. ಬರೀ ಮಾತಿನ ಬಲದಿಂದ ಎದುರಾಳಿಯ ಸೇನಾಪತಿಯನ್ನೇ ತನ್ನ ಕಡೆ ಎಳೆದುಕೊಳ್ಳುತ್ತಾನೆ. ಸೋತ ಸುಲ್ತಾನನನ್ನು ಪಂಜರದಲ್ಲಿಟ್ಟು ಮೆರೆಸುತ್ತಾನೆ. ಎರಡನೇ ಭಾಗದಲ್ಲಿ ಸೋತ ರಾಜರನ್ನು ರಥಕ್ಕೆ ಕಟ್ಟಿ ಎಳೆಸುತ್ತಾನೆ. ಬೂಟು ಹೊಲಿಯುವವನ ಮಗ ಬರೆದದ್ದು ಅನ್ನುವುದು ನೆನಪಿರಲಿ. ಕುರುಬನೊಬ್ಬ ಲೋಕ ಗೆದ್ದು, ಕೊನೆಗೆ ದೇವರು ಬಂದು ಬುದ್ಧಿ ಕಲಿಸುತ್ತಾನೆ ಅಂತ ಜನ ಕಾದರೆ, ಯಾರೂ ಬರುವುದಿಲ್ಲ. ಎರಡನೇ ಭಾಗದಲ್ಲಿ ಎಲ್ಲರ ಹಾಗೆ ಕಾಯಿಲೆ ಬಿದ್ದು ಸಾಯುತ್ತಾನೆ, ಅಷ್ಟೇ.

ಇನ್ನೊಂದು ವಿಷಯ ಅವನ ಛಂದಸ್ಸು. ಪ್ರಾಸವಿಲ್ಲದ ಸಾಲು ಇಂಗ್ಲಿಷ್ ನಾಟಕಕ್ಕೆ ಮೊದಲೇ ಬಂದಿತ್ತು. ಆದರೆ ಹಳೆಯ ಗಡಿಯಾರದ ಹಾಗೆ ಟಕ್ ಟಕ್ ಅನ್ನುತ್ತಿತ್ತು. ಮಾರ್ಲೋ ಅದನ್ನು ಓಡಿಸಿದ. ನಾಟಕಕಾರ ಬೆನ್ ಜಾನ್ಸನ್ ಅದಕ್ಕೇ 'ಮಾರ್ಲೋನ ಬಲಶಾಲಿ ಸಾಲು' ಅಂದದ್ದು. ಕುವೆಂಪು ಅವರ 'ಬೆರಳ್‌ಗೆ ಕೊರಳ್' ನಾಟಕದ ಸರಳ ರಗಳೆಯನ್ನು ಗಟ್ಟಿಯಾಗಿ ಓದಿದವರಿಗೆ ಇದು ಅರ್ಥವಾಗುತ್ತದೆ. ಪ್ರಾಸದ ಕಟ್ಟು ಬಿಚ್ಚಿದಾಗ ಮಾತು ಸಾಲನ್ನು ದಾಟಿ ಮುಂದಿನ ಸಾಲಿಗೆ ಹರಿಯುತ್ತದೆ. ನಟನಿಗೆ ಉಸಿರು ಬೇಕು.

ಆ ಉಸಿರು ಇದ್ದವನು ಎಡ್ವರ್ಡ್ ಆಲಿನ್. ಟ್ಯಾಂಬರ್ಲೇನ್, ಫಾಸ್ಟಸ್, 'ಜ್ಯೂ ಆಫ್ ಮಾಲ್ಟಾ'ದ ಬರಾಬಾಸ್, ಮೂರೂ ಅವನ ಪಾತ್ರಗಳೇ. ಆಳೂ ಎತ್ತರ, ದನಿಯೂ ದೊಡ್ಡದು. ನಮ್ಮ ಕಂಪನಿ ನಾಟಕದವರು ಮೈಕಿಲ್ಲದೆ ಕೊನೆಯ ಸಾಲಿಗೆ ಕೇಳಿಸುತ್ತಿದ್ದರಲ್ಲ, ಹಾಗೆ.

ಹರಟೆಕಟ್ಟೆ

ಮೇಡಂ, 'ಜ್ಯೂ ಆಫ್ ಮಾಲ್ಟಾ' ಓದಿದರೆ ಮುಜುಗರ ಆಗುವುದಿಲ್ಲವಾ? ಯಹೂದಿ ಅಂದರೆ ಬಾವಿಗೆ ವಿಷ ಹಾಕುವವನು ಅಂತೆಲ್ಲ ಇದೆ.

ರಂಗಪ್ರಿಯೆ

ಆಗುತ್ತದೆ. ಆಗಬೇಕು. ಅದನ್ನು ಮುಚ್ಚಿಡಲು ನನಗೆ ಇಷ್ಟವಿಲ್ಲ. ಆಗಿನ ಇಂಗ್ಲೆಂಡಿನ ದ್ವೇಷವೆಲ್ಲ ಆ ಪಾತ್ರದಲ್ಲಿದೆ. ಒಂದು ಮಾತು ಮಾತ್ರ ಗಮನಿಸಿ. ತುರ್ಕರಿಗೆ ಕೊಡಬೇಕಾದ ಕಪ್ಪ ಕಟ್ಟಲು ಮಾಲ್ಟಾದ ಕ್ರೈಸ್ತ ಗವರ್ನರ್ ಬರಾಬಾಸನ ಆಸ್ತಿ ಕಿತ್ತುಕೊಳ್ಳುತ್ತಾನೆ. ಅದಕ್ಕೆ ಧರ್ಮದ ಕಾರಣ ಬೇರೆ ಕೊಡುತ್ತಾನೆ. ಆ ನಾಟಕದಲ್ಲಿ ಯಾವ ಧರ್ಮದವನೂ ಸಾಚಾ ಅಲ್ಲ. ಬರಾಬಾಸ್ ತಾನೇ ಹೂಡಿದ ಬಲೆಗೆ ಬಿದ್ದು ಕುದಿಯುವ ಕೊಪ್ಪರಿಗೆಯಲ್ಲಿ ಸಾಯುತ್ತಾನೆ. ಗವರ್ನರ್ ದೇವರಿಗೆ ಕೈಮುಗಿಯುತ್ತಾನೆ. ನನಗೆ ಜಾಸ್ತಿ ಹೇಸಿಗೆ ಆದದ್ದು ಆ ಕೈಮುಗಿದದ್ದಕ್ಕೆ.

ಥೇಮ್ಸ್ ದಂಡೆ

ಲಂಡನ್ನಿನಿಂದ ಬರೆಯುತ್ತಿದ್ದೇನೆ. ಕೆಲಸಕ್ಕೆ ಬಂದು ಎಂಟು ವರ್ಷ. ಕಡತದವರು 'ಡೆಟ್‌ಫರ್ಡ್' ಅಂತ ಸರಿಯಾಗಿ ಬರೆದಿದ್ದಾರೆ. ಸ್ಪೆಲ್ಲಿಂಗಿನಲ್ಲಿ ನಡುವೆ ಒಂದು 'ಪಿ' ಇದೆ. ಬಂದ ಹೊಸದರಲ್ಲಿ ಅದನ್ನು ಸ್ಪಷ್ಟವಾಗಿ ಉಚ್ಚರಿಸಿ ಬಸ್ಸಿನಲ್ಲಿ ನಗೆಪಾಟಲಾಗಿದ್ದೆ.

ಅಲ್ಲಿ ಸೇಂಟ್ ನಿಕೊಲಸ್ ಚರ್ಚಿದೆ. ಗೇಟಿನ ಎರಡು ಕಂಬದ ಮೇಲೂ ಕಲ್ಲಿನ ತಲೆಬುರುಡೆ, ಕೆಳಗೆ ಅಡ್ಡಡ್ಡ ಮೂಳೆ. ಮೊದಲ ಸಲ ನೋಡಿದಾಗ ಸ್ಮಶಾನದ ಗೇಟಿಗೆ ಇಷ್ಟು ಡೆಕೋರೇಶನ್ ಬೇಕಾ ಅನ್ನಿಸಿತು. ಮಾರ್ಲೋನನ್ನು ಹೂತದ್ದು ಅದೇ ಆವರಣದಲ್ಲಿ. ಎಲ್ಲಿ ಅಂತ ಗುರುತಿಲ್ಲ. ಗೋಡೆಗೆ ಒಂದು ಫಲಕ ಇದೆ. ನಾನು ಹೋದ ದಿನ ಪಕ್ಕದಲ್ಲಿ ಯಾರೋ ಸ್ಯಾಂಡ್‌ವಿಚ್ ತಿನ್ನುತ್ತಾ ಕೂತಿದ್ದರು.

ಚರ್ಚಿನ ಮರಣದ ರಿಜಿಸ್ಟರಿನಲ್ಲಿ ಕೊಂದವನ ಹೆಸರು 'ಫ್ರಾನ್ಸಿಸ್ ಫ್ರೆಜರ್' ಅಂತಿದೆ. ಇಂಗ್ರಮ್ ಹೋಗಿ ಫ್ರಾನ್ಸಿಸ್! ಸಾಲದ್ದಕ್ಕೆ ಮುಂದೆ ಓದಿದವರು ಫ್ರೆಜರ್‌ನನ್ನು 'ಆರ್ಚರ್' ಅಂತ ಓದಿಕೊಂಡರು. ಬಹಳ ಕಾಲ ಎಲ್ಲರೂ ಇಲ್ಲದ ಒಬ್ಬ ಆರ್ಚರನನ್ನು ಹುಡುಕುತ್ತಿದ್ದರು.

ಹಳೇ ಕಡತ

ನಮ್ಮ ಪಹಣಿಯಲ್ಲಿ ಆಗುವುದೂ ಇದೇ. ಒಂದು ಒತ್ತಕ್ಷರ ತಪ್ಪಿದರೆ ಮೂರು ತಲೆಮಾರು ಕೋರ್ಟು.

ಹರಟೆಕಟ್ಟೆ

ಸರಿ, ಈಗ ನನ್ನ ಸರದಿ. ಗುರುತಿನ ಸಮಾಧಿ ಇಲ್ಲ. ಸಾಕ್ಷಿಗಳೆಲ್ಲ ಗೂಢಚಾರರು. ಶೇಕ್ಸ್‌ಪಿಯರ್ ಹೆಸರು ಮೊದಲ ಸಲ ಅಚ್ಚಾದದ್ದು ಅದೇ 1593ರಲ್ಲಿ, 'ವೀನಸ್ ಅಂಡ್ ಅಡೋನಿಸ್' ಕಾವ್ಯದಲ್ಲಿ. ಬೇರೆ ಯಾರದೋ ಹೆಣ ತೋರಿಸಿ ಇವನನ್ನು ದೇಶ ದಾಟಿಸಿದರು ಅಂದರೆ ಏನು ತಪ್ಪು? ವೆಸ್ಟ್‌ಮಿನ್‌ಸ್ಟರ್ ಅಬೆಯ ಕವಿಗಳ ಮೂಲೆಯಲ್ಲಿ 2002ರಲ್ಲಿ ಮಾರ್ಲೋ ಹೆಸರಿನ ಕಿಟಕಿ ಗಾಜು ಹಾಕಿದಾಗ ಸಾವಿನ ವರ್ಷದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದಾರೆ. ಅವರಿಗೇ ಅನುಮಾನ!

ಹಳೇ ಕಡತ

ಪ್ರಶ್ನಾರ್ಥಕ ಚಿಹ್ನೆ ಇಡಿಸುವುದಕ್ಕೆ ಸಾಕ್ಷಿ ಬೇಕಿಲ್ಲ, ಅಭಿಮಾನಿಗಳ ಸಂಘ ಇದ್ದರೆ ಸಾಕು. ನಿಮ್ಮ ವಾದವನ್ನು ಜನಪ್ರಿಯ ಮಾಡಿದ ಕ್ಯಾಲ್ವಿನ್ ಹಾಫ್‌ಮನ್ ಎಂಬ ಅಮೆರಿಕದವರು 1956ರಲ್ಲಿ ಅನುಮತಿ ಪಡೆದು ಥಾಮಸ್ ವಾಲ್ಸಿಂಗಮ್‌ನ ಗೋರಿಯನ್ನೇ ತೆಗೆಸಿದರು, ಹಸ್ತಪ್ರತಿ ಸಿಗುತ್ತದೆ ಅಂತ. ಸಿಕ್ಕಿದ್ದು ಮರಳು.

ರಂಗಪ್ರಿಯೆ

ಹರಟೆಯವರೇ, ಇಬ್ಬರನ್ನೂ ಒಂದು ಸಂಜೆ ಗಟ್ಟಿಯಾಗಿ ಓದಿ ನೋಡಿ. ಮಾರ್ಲೋನ ಪಾತ್ರಗಳು ಎದುರಿಗಿರುವವರ ತಲೆಯ ಮೇಲಿಂದ ಆಕಾಶಕ್ಕೆ ಮಾತಾಡುತ್ತವೆ. ಶೇಕ್ಸ್‌ಪಿಯರನ ಪಾತ್ರಗಳು ಎದುರಿಗಿರುವವರ ಮಾತನ್ನು ಕೇಳಿಸಿಕೊಳ್ಳುತ್ತವೆ. ಕಿವಿಗೇ ಗೊತ್ತಾಗುತ್ತದೆ. ಒಟ್ಟಿಗೆ ಕೆಲಸ ಮಾಡಿರಬಹುದು, ಅದು ಬೇರೆ. 2016ರ 'ನ್ಯೂ ಆಕ್ಸ್‌ಫರ್ಡ್ ಶೇಕ್ಸ್‌ಪಿಯರ್' ಆವೃತ್ತಿಯ ಸಂಪಾದಕರು ಶೇಕ್ಸ್‌ಪಿಯರನ 'ಆರನೇ ಹೆನ್ರಿ'ಯ ಮೂರು ಭಾಗಗಳಿಗೆ ಮಾರ್ಲೋ ಹೆಸರನ್ನೂ ಸೇರಿಸಿದ್ದಾರೆ. ಎಲ್ಲರೂ ಒಪ್ಪಿಲ್ಲ.

ಶೇಕ್ಸ್‌ಪಿಯರ್ ಇವನನ್ನು ನೆನೆದದ್ದಂತೂ ಗೊತ್ತು. 'ಆ್ಯಸ್ ಯು ಲೈಕ್ ಇಟ್'ನಲ್ಲಿ ಒಬ್ಬ ಹುಡುಗಿ 'ಸತ್ತುಹೋದ ಕುರುಬನೇ, ನಿನ್ನ ಮಾತಿನ ಬಲ ಈಗ ತಿಳಿಯಿತು' ಅಂದು ಒಂದು ಸಾಲು ಹೇಳುತ್ತಾಳೆ: 'ಮೊದಲ ನೋಟಕ್ಕೇ ಸೋಲದೆ ಪ್ರೀತಿಸಿದವರು ಯಾರಿದ್ದಾರೆ?' ಆ ಸಾಲು ಮಾರ್ಲೋನ 'ಹೀರೋ ಅಂಡ್ ಲಿಯಾಂಡರ್' ಕಾವ್ಯದ್ದು. ಅದೇ ನಾಟಕದಲ್ಲಿ ವಿದೂಷಕ 'ಸಣ್ಣ ಕೋಣೆಯಲ್ಲಿ ದೊಡ್ಡ ಲೆಕ್ಕ' ಅನ್ನುತ್ತಾನೆ. ಬರಾಬಾಸ್ ತನ್ನ ಸಂಪತ್ತನ್ನು 'ಸಣ್ಣ ಕೋಣೆಯಲ್ಲಿ ಕೊನೆಯಿಲ್ಲದ ಐಶ್ವರ್ಯ' ಅಂದಿದ್ದ. ಆ ಸಾಲಿಗೆ ಶೇಕ್ಸ್‌ಪಿಯರ್ ಡೆಟ್‌ಫರ್ಡಿನ 'ಲೆಕ್ಕ'ವನ್ನು ಸೇರಿಸಿದ್ದಾನೆ ಅಂತ ನನಗಂತೂ ಅನ್ನಿಸುತ್ತದೆ.

ಎರಡನೇ ಸೆಮಿಸ್ಟರ್

ಮೇಡಂ, ಫಾಸ್ಟಸ್ ಬಗ್ಗೆ ಹೇಳಿ. ನನಗೆ ನಡುವಿನ ಭಾಗ ತೀರಾ ಬೋರ್. ಸೈತಾನನಿಗೆ ಆತ್ಮ ಮಾರಿ 24 ವರ್ಷದ ಶಕ್ತಿ ತೆಗೆದುಕೊಂಡವನು ಪೋಪನ ತಟ್ಟೆಯಿಂದ ಊಟ ಕಸಿಯುತ್ತಾನೆ, ಕುದುರೆ ವ್ಯಾಪಾರಿಗೆ ಮೋಸ ಮಾಡುತ್ತಾನೆ, ಯಾರೋ ಡ್ಯೂಕನ ಬಸುರಿ ಹೆಂಡತಿಗೆ ಚಳಿಗಾಲದಲ್ಲಿ ದ್ರಾಕ್ಷಿ ತರಿಸಿಕೊಡುತ್ತಾನೆ. ಇಷ್ಟಕ್ಕಾ?

ರಂಗಪ್ರಿಯೆ

'ಇಷ್ಟಕ್ಕಾ?' ಅಂತ ಕೇಳಿದಿರಲ್ಲ, ನಾಟಕ ನಿಮ್ಮೊಳಗೆ ಇಳಿದಿದೆ. ಮೊದಲ ಅಂಕದಲ್ಲಿ ಜರ್ಮನಿಗೆ ಹಿತ್ತಾಳೆಯ ಕೋಟೆ ಕಟ್ಟುತ್ತೇನೆ ಅಂದವನು ಕೊನೆಗೆ ದ್ರಾಕ್ಷಿಗೆ ಬಂದು ನಿಲ್ಲುತ್ತಾನೆ. ನಡುವಿನ ತಮಾಷೆ ದೃಶ್ಯಗಳಲ್ಲಿ ಬೇರೆಯವರ ಕೈಯೂ ಇದೆ. 1602ರಲ್ಲಿ ಹೊಸ ಭಾಗ ಸೇರಿಸಲು ಹೆನ್‌ಸ್ಲೋ ಎಂಬ ರಂಗಮಂದಿರದ ಮಾಲೀಕ ಇಬ್ಬರಿಗೆ 4 ಪೌಂಡ್ ಕೊಟ್ಟ ಲೆಕ್ಕ ಸಿಕ್ಕಿದೆ. 1604ರಲ್ಲಿ ಅಚ್ಚಾದ ಪಾಠ ಚಿಕ್ಕದು, 1616ರದು ದೊಡ್ಡದು. ಎರಡೂ ಮಾರ್ಲೋ ಸತ್ತಮೇಲೆ ಬಂದವು. ನಿಮಗೆ ಯಾವುದು ಪಠ್ಯ ನೋಡಿಕೊಳ್ಳಿ. ನಾನಾದರೆ ಚಿಕ್ಕದನ್ನೇ ಓದುತ್ತೇನೆ.

ಈಗ ಕೊನೆಯ ಗಂಟೆಗೆ ಬನ್ನಿ. ಹನ್ನೊಂದು ಹೊಡೆಯುತ್ತದೆ. ಹನ್ನೆರಡಕ್ಕೆ ದೆವ್ವಗಳು ಬಂದು ಒಯ್ಯುತ್ತವೆ. ಒಂದು ಗಂಟೆ ಅನ್ನುವುದು ರಂಗದ ಮೇಲೆ ಅರವತ್ತು ಸಾಲಿನಷ್ಟೇ. ಕಾಲ ನಿಲ್ಲಲಿ ಅಂತ ಫಾಸ್ಟಸ್ ಬೇಡುತ್ತಾನೆ. ಆಗ ಇದ್ದಕ್ಕಿದ್ದಂತೆ ಲ್ಯಾಟಿನ್ನಿನಲ್ಲಿ ಒಂದು ಸಾಲು ಹೇಳುತ್ತಾನೆ, 'ಮೆಲ್ಲಗೆ, ಮೆಲ್ಲಗೆ ಓಡಿ, ಇರುಳಿನ ಕುದುರೆಗಳೇ.'

ಇದು ರೋಮಿನ ಕವಿ ಓವಿಡ್‌ನ ಪ್ರೇಮಗೀತೆಯ ಸಾಲು. ಅಲ್ಲಿ ಹೇಳುವವನು ಪ್ರಿಯೆಯ ಪಕ್ಕದಲ್ಲಿ ಮಲಗಿದ್ದಾನೆ. ಬೆಳಗಾಗುವುದು ಬೇಡ, ಈ ರಾತ್ರಿ ಮುಗಿಯುವುದು ಬೇಡ ಅನ್ನುತ್ತಾನೆ. ಆ ಗೀತೆಗಳನ್ನು ಇಂಗ್ಲಿಷಿಗೆ ತಂದವನು ಮಾರ್ಲೋನೇ, ಬಹುಶಃ ಕಾಲೇಜಿನ ದಿನಗಳಲ್ಲಿ. (1599ರಲ್ಲಿ ಬಿಷಪ್ಪರ ಅಪ್ಪಣೆಯಂತೆ ಆ ಪುಸ್ತಕವನ್ನು ಸುಟ್ಟರು.) ಸುಖದಲ್ಲಿರುವವನ ಸಾಲನ್ನು ತಂದು ನರಕದ ಬಾಗಿಲಲ್ಲಿ ನಿಂತವನ ಬಾಯಿಗೆ ಹಾಕಿದ. ಇನ್ನೊಂದು 'ಮೆಲ್ಲಗೆ' ಸೇರಿಸಿದ್ದು ಬಿಟ್ಟರೆ ಸಾಲು ಹೆಚ್ಚುಕಡಿಮೆ ಅದೇ, ಅರ್ಥ ಮಾತ್ರ ತಲೆಕೆಳಗಾಯಿತು. ಫಾಸ್ಟಸ್ ಎಂಥ ವಿದ್ವಾಂಸ ಅಂದರೆ ಸಾಯುವಾಗಲೂ ಅವನಿಗೆ ನೆನಪಾಗುವುದು ಓದಿದ ಪುಸ್ತಕ. ಕೊನೆಗೆ 'ನನ್ನ ಪುಸ್ತಕಗಳನ್ನು ಸುಡುತ್ತೇನೆ' ಅಂತ ಕೂಗುತ್ತಾನೆ. ತಡವಾಗಿತ್ತು.

ಕಡತದವರೇ, ನಿಮ್ಮ ಪಂಚನಾಮೆ ಓದಿ ನನಗೆ ಆಶ್ಚರ್ಯವಾಯಿತು, ದುಃಖ ಆಗಲಿಲ್ಲ. ಈ ಸಾಲು ಓದಿದಾಗ ಆಯಿತು.

ಹಳೇ ಕಡತ

ಒಪ್ಪಿದೆ, ಮೇಡಂ. ನಾನು ಆ ನಾಟಕ ಪೂರ್ತಿ ಓದಿಲ್ಲ ಅಂತ ಈಗ ಹೇಳಿಬಿಡುತ್ತೇನೆ. ಕಡತ ಮಾತ್ರ ಓದಿದ್ದು. ಈ ವಾರ ಶುರು ಮಾಡುತ್ತೇನೆ.

ಥೇಮ್ಸ್ ದಂಡೆ

ನಾಟಕದ ಕೊನೆಯಲ್ಲಿ ಬರುವ ಒಂದು ಸಾಲನ್ನು ಜನ ಮಾರ್ಲೋನಿಗೇ ಅನ್ವಯಿಸುತ್ತಾರೆ. 'ನೆಟ್ಟಗೆ ಬೆಳೆಯಬಹುದಾಗಿದ್ದ ಕೊಂಬೆ ಕಡಿದುಬಿತ್ತು.' ಅವನಿಗಿಂತ ಕೆಲವೇ ವಾರ ಚಿಕ್ಕವನು ಶೇಕ್ಸ್‌ಪಿಯರ್. 1593ರಲ್ಲಿ ಅವನೂ ಸತ್ತಿದ್ದರೆ 'ಹ್ಯಾಮ್ಲೆಟ್' ಇಲ್ಲ, 'ಲಿಯರ್' ಇಲ್ಲ. ಆಗ ಇಬ್ಬರಲ್ಲಿ ದೊಡ್ಡವನು ಯಾರು ಅಂತ ಕೇಳಿದರೆ ಉತ್ತರ ಬೇರೆ ಇರುತ್ತಿತ್ತೇನೋ.

ಪರದೆ ಹಿಂದೆ

ತಡವಾಗಿ ಬಂದೆ. ನಾನು ನಟನಲ್ಲ. ಕಾಲೇಜು ದಿನಗಳಲ್ಲಿ ಸೈಡ್ ವಿಂಗ್‌ನಲ್ಲಿ ನಿಂತು ಸದ್ದು ಮಾಡುವ ಕೆಲಸ ನನ್ನದು. ಒಂದು ವಾರ್ಷಿಕೋತ್ಸವಕ್ಕೆ ಇದೇ ಕೊನೆಯ ದೃಶ್ಯವನ್ನು ಕನ್ನಡಕ್ಕೆ ಮಾಡಿಕೊಂಡು ಆಡಿದ್ದೆವು. ಗಡಿಯಾರದ ಸದ್ದಿಗೆ ದೇವಸ್ಥಾನದಿಂದ ಕೇಳಿ ತಂದ ಜಾಗಟೆ.

ಈ ನಾಟಕಕ್ಕೆ ಒಂದು ಹಳೇ ಕಥೆ ಅಂಟಿಕೊಂಡಿದೆ. ಎಕ್ಸೆಟರ್ ಊರಿನಲ್ಲಿ ಆಡುವಾಗ ವೇದಿಕೆಯ ಮೇಲಿನ ದೆವ್ವಗಳನ್ನು ಎಣಿಸಿದರೆ ಒಂದು ಜಾಸ್ತಿ ಇತ್ತಂತೆ. ನಟರು ಹೆದರಿ ನಾಟಕ ನಿಲ್ಲಿಸಿ, ರಾತ್ರಿಯೆಲ್ಲ ಪ್ರಾರ್ಥನೆ ಮಾಡಿ ಊರು ಬಿಟ್ಟರಂತೆ. ತಾಲೀಮಿನಲ್ಲಿ ನಮ್ಮ ಮೇಷ್ಟ್ರು ಇದನ್ನು ಹೇಳಿದ್ದೇ ತಡ, ನಮ್ಮ ಕಡೆ ದೆವ್ವದ ಪಾತ್ರಕ್ಕೆ ಒಂದು ಕಡಿಮೆಯೇ ಆಯಿತು. ಒಬ್ಬ ಬರಲೇ ಇಲ್ಲ.

ನಾಟಕದ ದಿನ ಹನ್ನೊಂದು ಸರಿಯಾಗಿ ಬಾರಿಸಿದೆ. ಫಾಸ್ಟಸ್ ಮಾಡಿದ ಹುಡುಗ ಚೆನ್ನಾಗಿ ಹತ್ತಿಸಿಕೊಂಡು ಹೋದ. ನಡುವೆ ಅರ್ಧ ಗಂಟೆಯ ಸದ್ದು ಬರಬೇಕು. ನಾನು ಅವನನ್ನೇ ಬಾಯಿಬಿಟ್ಟು ನೋಡುತ್ತಾ ಮೈಮರೆತಿದ್ದೆ. ಪಕ್ಕದವನು ತಿವಿದ. ಗಾಬರಿಯಲ್ಲಿ ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಪೂರ್ತಿ ಹನ್ನೆರಡು ಬಾರಿಸಿಬಿಟ್ಟೆ. ದೆವ್ವಗಳಿಗೆ ಹೇಳಿದ್ದು ಹನ್ನೆರಡನೇ ಏಟಿಗೆ ನುಗ್ಗಿ ಅಂತ. ನುಗ್ಗಿದವು. ಫಾಸ್ಟಸ್ ಇನ್ನೂ ಸಾಲು ಬಾಕಿ ಇದೆ ಅಂತ ಕೈಕಾಲು ಬಡಿಯುತ್ತಿದ್ದಾನೆ, ಎತ್ತಿಕೊಂಡು ಹೋಗೇ ಹೋದವು. ಜನ ಎದ್ದು ಚಪ್ಪಾಳೆ ತಟ್ಟಿದರು, ಎಂಥ ಅಭಿನಯ ಅಂತ.

ಎರಡನೇ ಸೆಮಿಸ್ಟರ್

ಅಯ್ಯೋ! 😂 ಅರ್ಧ ಗಂಟೆಗೆ ಎಷ್ಟು ಬಾರಿಸಬೇಕಿತ್ತು?

ಪರದೆ ಹಿಂದೆ

ಒಂದೇ ಒಂದು. ಆ ಹುಡುಗ ಈಗ ಬ್ಯಾಂಕಿನಲ್ಲಿದ್ದಾನೆ, ತಲೆ ನರೆತಿದೆ. ಮದುವೆ ಮುಂಜಿಯಲ್ಲಿ ಸಿಕ್ಕರೆ ಈಗಲೂ ಮೊದಲ ಮಾತು ಅದೇ: 'ನನ್ನ ಅರ್ಧ ಗಂಟೆ ವಾಪಸ್ ಕೊಡೋ.'